ಒಳ್ಳೇ ಹಾಲು ವಾಪಸ್

“ನಂಗೇನಾದ್ರೂ ಪಾಪು ಆಗೋದಾದ್ರೆ ಮೊದಲು ನಿಂಗೇ ಹೇಳ್ತೀನಿ ಅಕ್ಕಾ. ನನ್ನ ಗಂಡನಿಗೂ ಹೇಳಲ್ಲ. ಆಣೆ,” ಎಂದು ಬಚ್ಚಲ ಬಾಗಿಲ ಹೊರಗೆ ನಿಂತು ತಂಗಿ ಮಾತು ಕೊಟ್ಟಾಗ ಅವಳಿಗಿನ್ನೂ ಹದಿಮೂರು ವರ್ಷ. ಆ ಗಂಡನೆಂಬುವನು ಆಗ ಎಲ್ಲೋ ಯಾವುದೋ ಬೀದಿಯಲ್ಲಿ ಸೈಕಲ್ಲು ಕಲಿಯುತ್ತ ಮಂಡಿ ತರಚಿಕೊಳ್ಳುತ್ತಿದ್ದಿರಬೇಕು. ಒಳಗೆ ನಲ್ಲಿ ಸುರಿಯುತ್ತಿತ್ತು. ಬಕೆಟ್ಟು ತುಂಬಿ ಹರಿದು, ನೀರು ಬಾಗಿಲ ಸಂದಿಯಿಂದ ಅವಳ ಪಾದದವರೆಗೂ ಬಂದಿತ್ತು.

ಅಕ್ಕ ಆಸ್ಪತ್ರೆಯಿಂದ ಬಂದು ಆಗ ವಾರವೂ ಆಗಿರಲಿಲ್ಲ. ಎರಡನೆಯ ಸಲವೂ ಹೊಟ್ಟೆಯಲ್ಲಿ ನಿಂತದ್ದು ಉಳಿಯದೆ ಹೋಗಿತ್ತು. ಸಕ್ಕರೆ ತರಲು ಅಂಗಡಿಗೆ ಹೋಗಿದ್ದವಳಿಗೆ ಅಲ್ಲಿ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಎಲ್ಲರೆದುರು, “ನಿನ್ನ ನಾದಿನಿಗೆ ವಿಶೇಷವಂತೆ, ನಿಂಗೊತ್ತಿಲ್ವಾ?” ಅಂದಿದ್ದಳು. ಅಕ್ಕ ನಕ್ಕಿದ್ದಳು. ನಗಲೇಬೇಕಿತ್ತು. ಸಕ್ಕರೆ ಬಿಟ್ಟು ಸೋಪು ತಂದು, ಚೀಲವನ್ನು ಹೊಸಿಲ ಮೇಲೇ ಎಸೆದು ಬಚ್ಚಲು ಸೇರಿದ್ದಳು. “ಸುದ್ದಿಗಲ್ಲ ಕಣೇ,” ಎಂದು ಆಮೇಲೆ ಒದ್ದೆ ಮುಖದಲ್ಲಿ ಹೊರಬಂದು ಹೇಳಿದ್ದಳು. “ಎಲ್ಲರ ಮುಂದೆ ಕೇಳಿಸ್ಕೊಂಡೆನಲ್ಲ, ಮುಖ ಎಲ್ಲಿಟ್ಕೊಳ್ಳೋದು ಅಂತ ಗೊತ್ತಾಗ್ಲಿಲ್ಲ. ಒಬ್ಬಳೇ ಇದ್ದಾಗ ಹೇಳಿದ್ದಿದ್ರೆ ಒಂದು ನಿಮಿಷ ಅತ್ತುಬಿಟ್ಟು ಆಮೇಲೆ ಖುಷಿ ಪಡ್ತಿದ್ದೆ.”

ಅಮ್ಮನಿಲ್ಲದ ಮನೆಯಲ್ಲಿ ತಂಗಿಯ ಜಡೆ ಹೆಣೆದವಳು, ಶಾಲೆಯ ಫೀಸಿಗೆ ಓಡಾಡಿದವಳು, ಮದುವೆಯಾದ ಮೇಲೂ ಅವಳನ್ನು ಜೊತೆಯಲ್ಲೇ ಇಟ್ಟುಕೊಂಡವಳು ಅಕ್ಕ. ಆ ಅಕ್ಕನಿಗೆ ಕೊಡಲು ಹದಿಮೂರು ವರ್ಷದವಳ ಕೈಯಲ್ಲಿ ಬೇರೇನಿತ್ತು? ಮಾತು ಕೊಟ್ಟಳು.

ಆ ಮಾತು ಈಗ, ಇಷ್ಟು ವರ್ಷಗಳಾದ ಮೇಲೆ, ಡೈರಿಯ ಕಟ್ಟೆಯ ಮೇಲೆ ಹಾಲಿನ ಕ್ಯಾನುಗಳ ನಡುವೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಜೊತೆಗೆ ಬೆಳಗ್ಗೆ ತಿಂದದ್ದೂ.

ಅವಳ ಕೆಲಸ ಮೂಗಿನದು. ಲಾರಿಗಳು ತಂದ ಕ್ಯಾನುಗಳು ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಆಳೊಬ್ಬ ಮುಚ್ಚಳ ಎಬ್ಬಿಸುತ್ತಾನೆ. ಅವಳು ಆ ಮುಚ್ಚಳವನ್ನು ತಿರುಗಿಸಿ ಮೂಗಿನ ಹತ್ತಿರ ಹಿಡಿಯುತ್ತಾಳೆ. ಹಾಲಿನ ಗುಟ್ಟೆಲ್ಲ ಮುಚ್ಚಳದ ಒಳಮೈಯಲ್ಲಿರುತ್ತದೆ. “ಹಾಕು” ಅಂದರೆ ಹಾಲು ತೊಟ್ಟಿಗೆ. “ಪಕ್ಕಕ್ಕೆ” ಅಂದರೆ ಲ್ಯಾಬಿಗೆ. ಲ್ಯಾಬಿನವನೂ ಕೆಟ್ಟಿದೆ ಅಂದರೆ ಕ್ಯಾನಿನ ಕುತ್ತಿಗೆಗೆ ಕೆಂಪು ಬಣ್ಣದ ಗೆರೆ ಎಳೆದು ಬಂದ ಲಾರಿಯಲ್ಲೇ ವಾಪಸ್. ಲ್ಯಾಬಿನವನು ಒಂದು ಕ್ಯಾನು ನೋಡುವಷ್ಟರಲ್ಲಿ ಅವಳ ಮೂಗು ಒಂದು ಸಾಲು ಮುಗಿಸುತ್ತಿತ್ತು. ಹಸು ಯಾವ ಕಳೆ ತಿಂದಿದೆ, ಯಾರು ನಿನ್ನೆಯ ಹಾಲು ಬೆರೆಸಿದ್ದಾರೆ, ಯಾರು ಕ್ಯಾನನ್ನು ಸೋಪು ಹಾಕಿ ತೊಳೆದು ಸರಿಯಾಗಿ ಜಾಲಿಸಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಡೈರಿಯಲ್ಲಿ ಅವಳಿಗೆ ಮೂಗು ಮೇಡಂ ಎಂದೇ ಹೆಸರು. ಆ ಹೆಸರಿನ ಮೇಲೆ ಅವಳಿಗೆ ಹೊರಗೆ ಸಿಡುಕು, ಒಳಗೆ ಜಂಬ.

ಈ ಬೆಳಗ್ಗೆ ಮೊದಲ ಮುಚ್ಚಳ ಎತ್ತಿದಾಗಲೇ ಹೂದಾನಿಯಲ್ಲಿ ಕೊಳೆತ ನೀರಿನಂಥ ವಾಸನೆ ಬಡಿಯಿತು. “ಪಕ್ಕಕ್ಕೆ.” ಎರಡನೆಯದರಲ್ಲಿ ಒದ್ದೆ ಚರ್ಮ. “ಪಕ್ಕಕ್ಕೆ.” ಮೂರನೆಯದರಲ್ಲಿ ತುಕ್ಕು. ಮುಚ್ಚಳ ಎಬ್ಬಿಸುತ್ತಿದ್ದ ಆಳು ಅವಳ ಮುಖ ನೋಡಿದ. ಅವಳು ನೋಡಲಿಲ್ಲ. ನೋಡಿದರೆ ಅವನ ಅಂಗಿಯ ಬೆವರಿನ ವಾಸನೆಯೂ ಸೇರಿ ಅಲ್ಲೇ ಕಾರಿಕೊಳ್ಳುವ ಹಾಗಿತ್ತು.

ಸಾಲು ಪೂರ್ತಿ ಪಕ್ಕಕ್ಕೆ ಹೋದಾಗ ಲಾರಿಯ ಕಿಟಕಿಯಿಂದ ತಲೆಯೊಂದು ಹೊರಬಂತು. ಡ್ರೈವರನಿಗೆ ಎಲ್ಲರೂ ರೇಡಿಯೊ ಅನ್ನುತ್ತಿದ್ದರು. ಅವನ ಕಿವಿಗೆ ಬಿದ್ದದ್ದು ಅವನ ಲಾರಿ ಹೋದಲ್ಲೆಲ್ಲ ಹೋಗುತ್ತಿತ್ತು.

“ಏನ್ ಮೇಡಂ, ನನ್ನ ಲಾರಿ ಮೇಲೆ ಏನಾದ್ರೂ ಹಗೆನಾ? ಇಷ್ಟೂ ವಾಪಸ್ ತಗೊಂಡು ಹೋದ್ರೆ ಹಸು ಸಾಕೋರು ಹಾಲಿನ ಬದಲು ನನ್ನೇ ಹಿಂಡಿಬಿಡ್ತಾರೆ!”

“ಸುಮ್ನಿರಪ್ಪಾ. ಲ್ಯಾಬ್ ನೋಡ್ಲಿ.”

“ಲ್ಯಾಬ್ ನೋಡೋಷ್ಟರಲ್ಲಿ ಇದು ಮೊಸರಾಗುತ್ತೆ.”

ಲ್ಯಾಬಿನವನು ಕೋಟಿನ ತೋಳು ಮಡಚುತ್ತ ಹೊರಗೆ ಬಂದ. ಒಳ್ಳೆಯವನು. ಬೇಸರವನ್ನು ಮರ್ಯಾದೆಯಲ್ಲಿ ಸುತ್ತಿ ಕೊಡುವವನು. “ಮೇಡಂ, ಮೊದಲ ಮೂರು ಕುದಿಸಿ ನೋಡಿದೆ. ಒಡೀಲಿಲ್ಲ. ಹುಳೀನೂ ಇಲ್ಲ. ಒಳ್ಳೇ ಹಾಲು. ನಿಮಗೆ ಏನು ವಾಸನೆ ಬಂತು?”

“ಬಂತು,” ಅಂದಳು. ಅದಕ್ಕಿಂತ ಹೆಚ್ಚು ಬಾಯಿ ತೆರೆಯಲು ಆಗಲಿಲ್ಲ.

ಎರಡು ಗೆರೆ ಕಂಡು ಹತ್ತು ಹನ್ನೆರಡು ದಿನಗಳಾಗಿದ್ದವು. ಮುಟ್ಟು ನಿಂತಾಗ ಕೆಲಸದ ಸುಸ್ತೆಂದುಕೊಂಡು, ಆಮೇಲೆ ಔಷಧಿ ಅಂಗಡಿಯಿಂದ ಪಟ್ಟಿ ತಂದು, ಗಂಡ ಕೆಲಸಕ್ಕೆ ಹೋದ ಮೇಲೆ ಪರೀಕ್ಷೆ ಮಾಡಿಕೊಂಡಿದ್ದಳು. ಗೆರೆ ಮೂಡಿದ ಕೂಡಲೇ ನೆನಪಾದದ್ದು ಬಚ್ಚಲ ಬಾಗಿಲ ಕೆಳಗಿನ ನೀರು. ಅವತ್ತೇ ಸಂಜೆ ಅಕ್ಕನ ಅಂಗಡಿಗೆ ಹೋದಳು. ಹೆದ್ದಾರಿಯ ಪಕ್ಕದಲ್ಲಿ ಅಕ್ಕನದು ಲಾರಿಗಳ ಸೀಟು ಕವರು ಮತ್ತು ಟಾರ್ಪಾಲು ಹೊಲಿಯುವ ಅಂಗಡಿ. ಒಳಗೆ ಕಾಲಿಟ್ಟಳು ಅಷ್ಟೆ. ರೆಕ್ಸಿನ್ನು ಅಂಟಿಸುವ ಗಮ್ಮಿನ ಡಬ್ಬ ಬಾಯಿ ತೆರೆದು ಕೂತಿತ್ತು. ಆ ವಾಸನೆ ಕಣ್ಣಿನ ಹಿಂದೆ ಹೋಗಿ ತಿವಿಯಿತು. “ಅಯ್ಯೋ, ಬಸ್ಸು ಹೋಗುತ್ತೆ,” ಎಂದು ಒದರಿ ಓಡಿದವಳು ರಸ್ತೆಯ ತಿರುವಿನ ಚರಂಡಿಯ ಹತ್ತಿರ ಬಗ್ಗಿ ನಿಂತಳು. ಬಸ್ಸು ಇರಲೇ ಇಲ್ಲ.

ರಜೆಯ ದಿನ ಅಕ್ಕನ ಮನೆಗೆ ಹೊರಟು, ಸೀರೆ ಉಟ್ಟು, ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತಳು. ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಸೀರೆ ಮುದ್ದೆಯಾಗಿತ್ತು. ಎಂಥ ಸುಸ್ತು ಅದು! ಯಾರೋ ಒಳಗಿನಿಂದ ತೂಬು ತೆಗೆದುಬಿಟ್ಟ ಹಾಗೆ. ಫೋನು ಮಾಡಿದರೆ ಅಕ್ಕನ ಹೊಲಿಗೆ ಮಿಷನ್ನು ಲಾರಿಯಂತೆ ಗುಡುಗುತ್ತಿತ್ತು. “ಏನೂ ಕೇಳಿಸ್ತಿಲ್ಲ, ಜೋರಾಗಿ ಹೇಳು!” ಎಂದು ಅಕ್ಕ ಕೂಗುತ್ತಿದ್ದಳು. ಇಂಥ ಮಾತನ್ನು ಯಾರಾದರೂ ಜೋರಾಗಿ ಹೇಳುತ್ತಾರೆಯೇ? “ಏನಿಲ್ಲ, ಊಟ ಆಯ್ತಾ?” ಎಂದು ದಿನವೂ ಇಟ್ಟುಬಿಡುತ್ತಿದ್ದಳು.

ಗಂಡನಿಗೂ ಹೇಳಿರಲಿಲ್ಲ. ಅವನು ಲಿಫ್ಟ್ ರಿಪೇರಿಯವನು. ಯಾವ ಸದ್ದು ಬಂದರೂ ಅದಕ್ಕೊಂದು ಕಾರಣ ಹುಡುಕಿ ಬೋಲ್ಟು ತಿರುಗಿಸುವ ಜಾತಿ. ಹೆಂಡತಿ ಬೆಳಬೆಳಗ್ಗೆ ಓಕರಿಸುವುದಕ್ಕೆ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿ ಗುಲಾಬಿ ಬಣ್ಣದ ಔಷಧಿಯ ಬಾಟಲಿ ತಂದಿಟ್ಟಿದ್ದ. ಅವಳು ಅದನ್ನು ಚಮಚದಲ್ಲಿ ಅಳೆದು ಸಿಂಕಿಗೆ ಸುರಿಯುತ್ತಿದ್ದಳು. “ಹೇಗಿದೆ, ಕಮ್ಮಿ ಆಯ್ತಲ್ಲ?” ಎಂದು ಅವನು ಕೇಳಿದಾಗ “ಹ್ಞೂಂ” ಅನ್ನುವುದು ಇದ್ದಬದ್ದ ವಾಕರಿಕೆಗಿಂತ ಕಷ್ಟವಾಗುತ್ತಿತ್ತು.

ಒಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕಂಡಳು. ಡಾಕ್ಟರಮ್ಮ ಮಾತ್ರೆ ಬರೆದು, “ಇನ್ನೂ ಬಹಳ ಬೇಗ ಆಯ್ತಮ್ಮ. ಎದೆಬಡಿತ ಕಾಣೋಕೆ ಇನ್ನೆರಡು ವಾರ ಬೇಕು. ಆಗ ಸ್ಕ್ಯಾನ್ ಮಾಡೋಣ. ಅಲ್ಲೀವರೆಗೆ ಹೌದು ಅಂತಾನೂ ಹೇಳಲ್ಲ, ಅಲ್ಲ ಅಂತಾನೂ ಹೇಳಲ್ಲ,” ಅಂದರು. ಆ ಮಾತು ಅವಳಿಗೆ ಒಂದು ನೆಪವಾಗಿ ಒದಗಿತು. ಈಗಲೇ ಹೇಳಿ, ನಾಳೆ ಅಕ್ಕನಿಗೆ ಆದದ್ದೇ ತನಗೂ ಆದರೆ? ಆ ಸುದ್ದಿಯನ್ನೂ ಹೊತ್ತುಕೊಂಡು ಅಕ್ಕನ ಮುಂದೆ ನಿಲ್ಲಬೇಕು. ಅಕ್ಕ ಅಂಥದ್ದನ್ನು ನಾಲ್ಕು ಸಲ ಹೊತ್ತವಳು. ಐದನೆಯದನ್ನು ತಾನೇಕೆ ತಂದು ಹೇರಬೇಕು? ಗಮ್ಮು ನಿಜ, ನಿದ್ದೆ ನಿಜ, ಮಿಷನ್ನಿನ ಸದ್ದು ನಿಜ. ಆದರೆ ಅವುಗಳ ಹಿಂದೆ ಇದು ಕೂತಿತ್ತು. ಎರಡು ವಾರ ತಾನೆ, ಸ್ಕ್ಯಾನು ಆಗಲಿ, ಆಮೇಲೆ ಎಲ್ಲರಿಗಿಂತ ಮೊದಲು ಹೇಳಿದರಾಯಿತು ಎಂದು ಅವಳು ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡಿದ್ದಳು. ಹೇಗೂ ಯಾರಿಗೂ ಗೊತ್ತಿಲ್ಲವಲ್ಲ.

ಆದರೆ ಡೈರಿಯಲ್ಲಿ ಕೆಲಸ ಮಾಡುವವಳಿಗೆ ಇದನ್ನು ಹಾಗೆಲ್ಲ ಬಚ್ಚಿಡಲು ಬರುವುದಿಲ್ಲವೆಂಬುದು ಅವಳಿಗೆ ಹೊಳೆದಿರಲಿಲ್ಲ.

ಕಟ್ಟೆಯ ಆ ತುದಿಯಲ್ಲಿ ಆವಿಯ ಕೊಳವೆ ಹಿಡಿದು ಖಾಲಿ ಕ್ಯಾನು ತೊಳೆಯುತ್ತಿದ್ದ ಮುದುಕಿ ಕೊಳವೆ ನಿಲ್ಲಿಸಿದಳು. ಡೈರಿ ಶುರುವಾದಾಗಿನಿಂದ ಇರುವ ಅವಳಿಗೆ ಎಲ್ಲರೂ ಕ್ಯಾನಜ್ಜಿ ಅನ್ನುತ್ತಿದ್ದರು. ಪಕ್ಕಕ್ಕೆ ಇಟ್ಟ ಕ್ಯಾನುಗಳ ಸಾಲಿನ ಉದ್ದಕ್ಕೂ ನಡೆದು ಬಂದು, ಒಂದರ ಮುಚ್ಚಳ ಎತ್ತಿ ಮೂಸಿದಳು. ಇನ್ನೊಂದನ್ನೂ ಮೂಸಿದಳು. ಆಮೇಲೆ ತಂಗಿಯ ಮುಖವನ್ನು, ಕಣ್ಣಿನ ಕೆಳಗಿನ ಕಪ್ಪನ್ನು, ಬಾಯಿಗೆ ಒತ್ತಿಕೊಂಡಿದ್ದ ಸೆರಗಿನ ತುದಿಯನ್ನು ನೋಡಿದಳು.

“ಅಯ್ಯೋ ನನ್ನ ತಾಯಿ,” ಅಂದಳು ನಿಧಾನವಾಗಿ.

“ಅಜ್ಜೀ, ಏನಿಲ್ಲ. ನೆಗಡಿ.”

“ನೆಗಡಿ ಆದ್ರೆ ಕೆಟ್ಟ ಹಾಲು ಒಳಗೆ ಹೋಗುತ್ತೆ ಕಣೇ. ಒಳ್ಳೇ ಹಾಲು ವಾಪಸ್ ಹೋಗೋದು ಒಂದಕ್ಕೇ.” ಕ್ಯಾನಜ್ಜಿ ಲ್ಯಾಬಿನವನ ಕಡೆ ತಿರುಗಿದಳು. “ನಿಂಗೇನು ಗೊತ್ತು, ನೀನು ನಿನ್ನೆ ಮೊನ್ನೆ ಬಂದೋನು. ಇವಳಿಗೆ ಮುಂಚೆ ಇದೇ ಜಾಗದಲ್ಲಿ ಇದ್ದೋಳು ಎರಡು ಲಾರಿ ಹಾಲು ವಾಪಸ್ ಕಳ್ಸಿದ್ಲು. ಅವಳಿಗೆ ಅವಳಿ ಜವಳಿ! ಅದಕ್ಕೂ ಮುಂಚಿನವಳು ಮ್ಯಾನೇಜರ ಸೆಂಟು ಮೂಸಿ ಅವರ ಬೂಟಿನ ಮೇಲೇ ಕಕ್ಕಿದ್ಲು. ಮೂಗಿನ ಕೆಲಸದೋರಿಗೆ ಡಾಕ್ಟರು ಯಾಕೆ? ಹಾಲು ಹೇಳುತ್ತೆ!”

“ಅಜ್ಜೀ, ದಮ್ಮಯ್ಯ, ಮೆಲ್ಲಗೆ...”

ಕ್ಯಾನಜ್ಜಿಗೆ ಮೆಲ್ಲಗೆ ಎಂಬುದು ಗೊತ್ತಿರಲಿಲ್ಲ. ಇಡೀ ಆಯುಷ್ಯ ಆವಿಯ ಸದ್ದಿನ ಮೇಲೆ ಮಾತಾಡಿದವಳು. ಎರಡು ಮುಚ್ಚಳ ಎತ್ತಿಕೊಂಡು ಒಂದಕ್ಕೊಂದು ಬಡಿದಳು. ಡಣ್! ಅದು ಆ ಕಟ್ಟೆಯ ಹಳೇ ರೂಢಿ. ಒಳ್ಳೇ ಹಾಲು ವಾಪಸ್ಸಾದ ದಿನ ಮುಚ್ಚಳ ಬಡಿಯಬೇಕು. ಮುಚ್ಚಳ ಎಬ್ಬಿಸುವ ಆಳು ಬಡಿದ. ಕ್ಯಾನು ಎತ್ತುವವರು ಬಡಿದರು. ಒಳಗೆ ಪ್ಯಾಕೆಟ್ಟು ತುಂಬುವ ಹೆಂಗಸರು ಸದ್ದಿಗೆ ಓಡಿ ಬಂದು, ಕೈಗೆ ಸಿಕ್ಕ ಟ್ರೇ ಬಡಿದರು.

“ನಿಲ್ಲಿಸ್ರೋ! ನಿಲ್ಲಿಸ್ರಿ ಅಂದ್ರೆ!” ಅವಳು ಕೂಗಿದಳು. ಕಣ್ಣಲ್ಲಿ ನೀರು ಬಂತು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಅವರು ಇನ್ನೂ ಜೋರಾಗಿ ಬಡಿದರು. ಲ್ಯಾಬಿನವನು ಮಾತ್ರ ಪಕ್ಕದಲ್ಲಿ ನಿಂತು, “ಹಾಗಾದ್ರೆ ಈ ಸಾಲು ತೊಟ್ಟಿಗೆ ಹಾಕಿಸ್ಲಾ ಮೇಡಂ?” ಎಂದು ಕೇಳಿದ.

ಆಗಲೇ ಲಾರಿಯ ಹಾರನ್ನು ಕೇಳಿಸಿದ್ದು. ರೇಡಿಯೊ ಕಿಟಕಿಯಿಂದ ಅರ್ಧ ಹೊರಗಿದ್ದ. ಹಲ್ಲೆಲ್ಲ ಕಾಣುತ್ತಿದ್ದವು. “ಮೇಡಂ! ಇದಾ ವಿಷಯ! ಇದನ್ನ ಮೊದ್ಲೇ ಹೇಳಿದ್ರೆ ನಾನೇ ಹಾಲು ಚೆಲ್ಲಿ ಬರ್ತಿದ್ದೆ! ಇರಿ, ಹೇಗೂ ನಿಮ್ಮಕ್ಕನ ಅಂಗಡಿಗೇ ಹೋಗ್ತಿದ್ದೀನಿ. ಸೀಟು ಹರಿದಿದೆ.”

“ಬೇಡಾ! ನೀನು ಅಲ್ಲಿ ಏನೂ ಹೇಳ್ಬೇಡ, ಕೇಳಿಸ್ತಾ? ನಾನೇ...”

ಮುಚ್ಚಳಗಳ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ಎಷ್ಟೋ. ಕೈ ಬೀಸಿದ. ಖಾಲಿ ಕ್ಯಾನುಗಳು ಒಂದಕ್ಕೊಂದು ತಾಗುತ್ತ ಲಾರಿ ಗೇಟು ದಾಟಿತು.

ಅಕ್ಕನಿಗೆ ಫೋನು ಮಾಡಿದಳು. ರಿಂಗಾಗಿ ಆಗಿ ನಿಂತಿತು. ಮತ್ತೆ ಮಾಡಿದಳು. ಅಕ್ಕನ ಫೋನು ಮಿಷನ್ನಿನ ಪಕ್ಕದ ಗೂಡಿನಲ್ಲಿ ಬಟ್ಟೆಯ ಚೂರುಗಳ ಕೆಳಗಿರುತ್ತದೆ ಎಂದು ಗೊತ್ತಿದ್ದೂ ಮಾಡಿದಳು. ಮ್ಯಾನೇಜರ ಕೋಣೆಗೆ ಓಡಿದರೆ ಅವರು ಸೆಂಟಿನ ಬಾಟಲಿಯನ್ನು ಡ್ರಾಯರಿಗೆ ಸೇರಿಸುತ್ತಿದ್ದರು. ಸುದ್ದಿ ಅಲ್ಲಿಗೂ ಬಂದಾಗಿತ್ತು. “ಹೋಗಿ ಹೋಗಿ, ಮೂಗು ಸರಿಯಾಗೋವರೆಗೆ ಪ್ಯಾಕಿಂಗ್ ಕಡೆ ಕೂತ್ಕೊಳ್ಳೋರಂತೆ,” ಅಂದರು. ಒಳ್ಳೆಯ ಮಾತೇ. ಆದರೂ ಯಾರೋ ಅವಳ ಹೆಸರನ್ನು ಬಾಗಿಲ ಮೇಲಿಂದ ಬಿಚ್ಚಿದ ಹಾಗಾಯಿತು. ಅದಕ್ಕೆ ಬೇಸರಪಡಲೂ ಈಗ ಪುರುಸೊತ್ತಿರಲಿಲ್ಲ.

ಬಸ್ಸು ಹತ್ತಿದ ಮೇಲೆ ಫೋನು ಹೊಡೆದುಕೊಂಡಿತು. ಅಕ್ಕನಲ್ಲ, ಗಂಡ.

“ಏನೇ ಇದು? ನಿಮ್ಮ ಡೈರಿಯ ಹುಡುಗ ಫೋನ್ ಮಾಡಿ ಕಂಗ್ರಾಜುಲೇಶನ್ಸ್ ಅಂತಾನೆ. ನಾನು ಲಿಫ್ಟಿನ ತಲೆ ಮೇಲೆ ಕೂತಿದ್ದೀನಿ. ಯಾಕಪ್ಪಾ ಅಂದ್ರೆ ನಗ್ತಾನೆ!”

“ರೀ, ನಿಮಗೆ ಆಮೇಲೆ ಹೇಳ್ತೀನಿ.”

“ಆಮೇಲೆ ಏನ್ ಹೇಳ್ತೀಯ? ಗೊತ್ತಾಯ್ತಲ್ಲ!” ಅವನ ದನಿ ಏರಿ ಅಲ್ಲೇ ಒಡೆಯಿತು. ಕೋಪವೋ ಖುಷಿಯೋ ಅವನಿಗೇ ತಿಳಿದಂತಿರಲಿಲ್ಲ. “ಹಾಗಾದ್ರೆ ಗ್ಯಾಸ್ಟ್ರಿಕ್ ಅಲ್ವಾ?”

“ಅಲ್ಲ.”

“ಒಂದು ಬಾಟ್ಲಿ ಖಾಲಿ ಮಾಡಿದೆಯಲ್ಲೇ!”

“ಸಿಂಕಿಗೆ ಸುರಿದೆ. ರೀ, ಅಕ್ಕನಿಗೆ ಮೊದಲು ಹೇಳ್ಬೇಕಿತ್ತು. ಚಿಕ್ಕವಳಿದ್ದಾಗ ಮಾತು ಕೊಟ್ಟಿದ್ದೆ. ಅದಕ್ಕೇ ನಿಮಗೂ...”

ಅವನ ಕಡೆ ಎಲ್ಲೋ ಕಬ್ಬಿಣದ ಹಗ್ಗ ಕಿರುಗುಟ್ಟುತ್ತಿತ್ತು. “ಸರಿ. ಅಕ್ಕ ಒಂದು. ನಾನು ಎಷ್ಟನೆಯವನು ಈಗ? ಮ್ಯಾನೇಜರ ಆಚೆಗೋ ಈಚೆಗೋ?”

“ಆಚೆಗೆ,” ಅಂದಳು. ಮುಂದಿನ ಸೀಟಿನ ಹೆಂಗಸಿನ ತಲೆಯ ಎಣ್ಣೆ, ಯಾರದೋ ಚೀಲದ ಈರುಳ್ಳಿ, ಬಿಸಿಲಿಗೆ ಕಾದ ಸೀಟಿನ ಸ್ಪಂಜು, ಒಂದೊಂದೂ ಬೇರೆ ಬೇರೆಯಾಗಿ ಮೂಗಿಗೆ ನುಗ್ಗಿದವು. ಎರಡು ನಿಲ್ದಾಣ ಮುಂಚೆಯೇ ಇಳಿದುಬಿಟ್ಟಳು. ಇಳಿದು, ಒಂದು ಗೋಡೆ ಹಿಡಿದು ನಿಂತು, ಖಾಲಿ ಹೊಟ್ಟೆಯ ಹುಳಿ ಉಗುಳಿ, ನಡೆದಳು. ಓಡಬೇಕೆನ್ನಿಸಿತು. ಓಡಬಹುದೋ ಇಲ್ಲವೋ ಎಂಬುದನ್ನು ಡಾಕ್ಟರಮ್ಮನ ಹತ್ತಿರ ಕೇಳಿರಲಿಲ್ಲ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಲ್ಲಿ ಇನ್ನೂ ಏನೂ ಇರಲಿಲ್ಲ. ಹೌದೂ ಅನ್ನದ, ಅಲ್ಲವೂ ಅನ್ನದ ಒಂದು ಸಂಗತಿ ಇತ್ತು. ಅಷ್ಟು ಸಣ್ಣದು ಇಷ್ಟು ಜನರ ಬಾಯಿಗೆ ಬಿದ್ದಿದೆಯಲ್ಲ ಎಂದು ಸಿಟ್ಟು ಬಂತು. ತನ್ನ ಮೂಗಿನ ಮೇಲೂ ಬಂತು.

ಅಂಗಡಿಯ ಮುಂದೆ ರೇಡಿಯೊನ ಲಾರಿ ಇರಲಿಲ್ಲ. ಒಂದು ಕ್ಷಣ, ಅವನಿನ್ನೂ ಬಂದಿಲ್ಲವೇನೋ ಎಂದು ಜೀವ ಹಗುರಾಯಿತು.

ಆಮೇಲೆ ಕುರ್ಚಿ ಕಂಡಿತು. ಅಕ್ಕ ಕೂತು ಹೊಲಿಯುವ, ದಿಂಬು ಕಟ್ಟಿದ ಕುರ್ಚಿಯನ್ನು ಯಾರೋ ಹೊರಗೆ, ಗಾಳಿ ಬರುವ ಬದಿಗೆ, ಟಾರ್ಪಾಲಿನ ನೆರಳಿನಲ್ಲಿ ತಂದಿಟ್ಟಿದ್ದರು. ಗಮ್ಮಿನ ಡಬ್ಬ ಅಂಗಡಿಯೊಳಗಿರಲಿಲ್ಲ. ಅದು ರಸ್ತೆಯಾಚೆ ವಿದ್ಯುತ್ ಕಂಬದ ಬುಡದಲ್ಲಿ, ಮುಚ್ಚಳ ಒತ್ತಿ, ಮೇಲೊಂದು ಕಲ್ಲು ಹೇರಿಸಿಕೊಂಡು ಕೂತಿತ್ತು. ಒಳಗೆ ಅಕ್ಕ ಸ್ಟೂಲಿನ ಮೇಲೆ ಕೂತು ದಪ್ಪ ರೆಕ್ಸಿನ್ನನ್ನು ಮಿಷನ್ನಿನ ಕೆಳಗೆ ತಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

“ಅಲ್ಲೇ ಕೂತ್ಕೋ. ಒಳಗೆ ಬರ್ಬೇಡ.”

“ಅಕ್ಕಾ, ರೇಡಿಯೊ ಬಂದಿದ್ನಾ?”

“ಬಂದಿದ್ದ. ಹೋದ.”

ಅವಳು ಕೂತಳು. ಅಕ್ಕ ಸಾಲು ಮುಗಿಸಿ, ದಾರ ಕತ್ತರಿಸಿ, ಮಿಷನ್ನು ನಿಲ್ಲಿಸಿದಳು. ಇದ್ದಕ್ಕಿದ್ದಂತೆ ರಸ್ತೆಯ ಸದ್ದೆಲ್ಲ ಅಂಗಡಿಯೊಳಕ್ಕೆ ಬಂತು.

“ನಾಲ್ಕೈದು ಡ್ರೈವರುಗಳು ನಿಂತಿದ್ರು,” ಅಂದಳು ಅಕ್ಕ. “ಇವನು ಲಾರಿ ಇಳಿಯೋಕೆ ಮುಂಚೆನೇ ಶುರು. ‘ದೊಡ್ಡಮ್ಮ ಆಗ್ತಿದ್ದೀಯಲ್ಲಕ್ಕಾ, ಸ್ವೀಟ್ ಎಲ್ಲಿ’ ಅಂತ. ಎಲ್ರೂ ನನ್ನ ಮುಖ ನೋಡಿದ್ರು. ನನ್ನ ಕತೆ ಗೊತ್ತಿರೋರೇ ಎಲ್ಲ. ನಾನು ನಕ್ಕೆ. ‘ಇದೇನು ಹೊಸ ಸುದ್ದಿನೇನಯ್ಯಾ, ಅವಳು ನಂಗೆ ಯಾವತ್ತೋ ಹೇಳಿದ್ಲು, ಮೊದಲು ನಂಗೇ ಹೇಳಿದ್ದು’ ಅಂದೆ.” ಅಕ್ಕ ಕಾಲಬುಡದಿಂದ ಏನನ್ನೋ ಹೆಕ್ಕಿ ತೋರಿಸಿದಳು. ಎರಡು ತುಂಡಾದ ಸೂಜಿ. “ಹೇಳಿ, ಇದನ್ನ ಮುರಿದೆ. ಟಾರ್ಪಾಲು ಚುಚ್ಚೋ ಸೂಜಿ ಇದು. ಇದು ಮುರಿಯೋದಿಲ್ಲ.”

“ನಾನು ಬಂದಿದ್ದೆ ಅಕ್ಕಾ. ಅವತ್ತು ಸಂಜೆ. ಗಮ್ಮು...”

“ಗೊತ್ತು. ಈಗ ಗೊತ್ತಾಯ್ತು. ಇಲ್ಲದ ಬಸ್ಸಿಗೆ ಓಡಿದೆಯಲ್ಲ, ಅವತ್ತೇ ನಂಗೆ ಹೊಳೀಬೇಕಿತ್ತು. ಅದೇ ಡಬ್ಬದ ವಾಸನೆಗೆ ನಾನು ನನ್ನ ಅಂಗಡಿಯಿಂದ್ಲೇ ನಾಲ್ಕು ಸಲ ಓಡಿದ್ದೀನಿ.” ಅಕ್ಕನ ದನಿ ಗಟ್ಟಿಯಾಯಿತು. “ಅದಾದ್ಮೇಲೆ? ಇಷ್ಟು ದಿನ? ದಿನಾ ಫೋನ್ ಮಾಡಿ ಊಟ ಆಯ್ತಾ ಊಟ ಆಯ್ತಾ ಅಂದೆಯಲ್ಲ, ನಾನೇನು ಊಟ ಬಿಟ್ಟು ಕೂತಿದ್ನಾ?”

“ಡಾಕ್ಟರು ಇನ್ನೂ ಬೇಗ ಅಂದ್ರು. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಮತ್ತೆ ನಿಂಗೆ...”

“ನಂಗೆ? ನಂಗೆ ಏನು?” ಅಕ್ಕ ಎದ್ದು ಬಾಗಿಲಿಗೆ ಬಂದಳು. “ಎಲ್ರೂ ಇದನ್ನೇ ಮಾಡ್ತೀರ. ಅವಳ ಮುಂದೆ ಬೇಡ, ಅವಳಿಗೆ ನೋವಾಗುತ್ತೆ. ಹೆಸರಿಡೋಕೆ ಕರೆಯೋದು ಬೇಡ, ಎಳೇ ಮಗು ಕೈಗೆ ಕೊಡೋದು ಬೇಡ. ನಾನೇನು ಗಾಜಿನ ಲೋಟನಾ? ನೀನಾದ್ರೂ ಆ ಸಾಲಲ್ಲಿ ನಿಲ್ಲಲ್ಲ ಅಂದ್ಕೊಂಡಿದ್ದೆ.”

ಅವಳು ಸೆರಗಿನ ತುದಿಯನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

“ಈ ಮೊದಲ ವಾರಗಳ ವಿಷಯ,” ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ, ಈಗ ಸ್ವಲ್ಪ ಇಳಿದ ದನಿಯಲ್ಲಿ ಹೇಳಿದಳು, “ನನ್ನಷ್ಟು ಗೊತ್ತಿರೋಳು ಇನ್ನೊಬ್ಬಳನ್ನ ತೋರಿಸು ನೋಡೋಣ. ಹೆತ್ತೋರಿಗೆಲ್ಲ ಇದು ಮರೆತೇ ಹೋಗುತ್ತೆ ಕಣೇ. ಮುಂದಿಂದು ಬಂದು ಹಿಂದಿಂದನ್ನ ಒರೆಸಿ ಹಾಕುತ್ತೆ. ನಂಗೆ ಮುಂದಿಂದು ಬರ್ಲೇ ಇಲ್ಲವಲ್ಲ, ಅದಕ್ಕೆ ಎಲ್ಲ ಹಾಗೇ ಇದೆ. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಎದ್ದು ನಿಲ್ಲಬೇಡ. ದಿಂಬಿನ ಪಕ್ಕ ಒಣ ಬ್ರೆಡ್ ಇಟ್ಕೊಂಡು ಮಲಗಿದ್ದಲ್ಲೇ ನಾಲ್ಕು ಚೂರು ತಿಂದು ಆಮೇಲೆ ಏಳು. ಹೊಟ್ಟೆ ಖಾಲಿ ಬಿಡಬೇಡ, ಖಾಲಿ ಇದ್ರೇನೇ ಜಾಸ್ತಿ ತೊಳಸೋದು. ನಿದ್ದೆ ಬಂದ್ರೆ ಮಲಗು, ನಾಚಿಕೆ ಬೇಡ. ಅಳು ಬರುತ್ತೆ, ಸಿಟ್ಟು ಬರುತ್ತೆ, ಅದು ನಿಂದಲ್ಲ. ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡ. ಕಂದು ಬಣ್ಣದ ಕಲೆ ಒಂಚೂರು ಕಂಡ್ರೆ ಕಂಗಾಲಾಗ್ಬೇಡ, ಡಾಕ್ಟರಿಗೆ ಹೇಳು. ಕೆಂಪಗೆ ಹೋಗಿ ನೋವೂ ಬಂದ್ರೆ ನಂಗೆ ಫೋನ್ ಮಾಡ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ. ಒಂದಿನ ಇದ್ದಕ್ಕಿದ್ದ ಹಾಗೆ ವಾಸನೆ ಗೀಸನೆ ಎಲ್ಲ ನಿಂತುಹೋಗಿ, ಮೈ ಹಗುರ ಆಗಿ...”

ಅಕ್ಕ ನಿಲ್ಲಿಸಿದಳು.

“ಆದ್ರೆ?”

“ಏನಿಲ್ಲ. ಎಷ್ಟೋ ಜನಕ್ಕೆ ಹಾಗೇ ನಿಲ್ಲುತ್ತೆ. ಅದನ್ನ ಡಾಕ್ಟರನ್ನೇ ಕೇಳು.” ಅಕ್ಕ ರಸ್ತೆಯ ಕಡೆ ನೋಡಿದಳು. “ಮೂರನೇ ತಿಂಗಳವರೆಗೆ ಏನ್ ಬೇಕಾದ್ರೂ ನನ್ನ ಕೇಳು. ಅಲ್ಲಿಂದಾಚೆ ಬೇರೆ ಯಾರನ್ನಾದ್ರೂ ಕೇಳ್ಕೋ. ನಂಗೂ ಗೊತ್ತಿಲ್ಲ.”

ಒಂದು ಲಾರಿ ಹೋಯಿತು. ಟಾರ್ಪಾಲಿನ ನೆರಳು ಅಲ್ಲಾಡಿ ಮತ್ತೆ ನಿಂತಿತು. ಅಕ್ಕ ಹತ್ತಿರ ಬಂದು, ಅವಳ ಹಣೆಯ ಬೆವರನ್ನು ಅಂಗೈಯಿಂದ ಒರೆಸಿದಳು. ಆ ಕೈಯನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆಯಲಾಗಿತ್ತು. ಸೋಪಿನ ಕೆಳಗೆ ಗಮ್ಮಿನ ವಾಸನೆ ಇನ್ನೂ ಇತ್ತು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಉಸಿರು ಹಿಡಿದು, ಮುಖ ತಿರುಗಿಸದೆ ಕೂತಳು.

“ಹ್ಞೂಂ, ಹೇಳು ಈಗ,” ಅಂದಳು ಅಕ್ಕ.

“ಏನು?”

“ಹೇಳೋಕೆ ಬಂದಿದ್ದನ್ನ.”

ಅವಳು ಹೇಳಿದಳು. ಹದಿಮೂರು ವರ್ಷದಲ್ಲಿ ಅಂದುಕೊಂಡಿದ್ದ ಹಾಗೆ ಹೇಳಲು ಬರಲಿಲ್ಲ. ಎರಡು ಶಬ್ದ, ಅದರಲ್ಲೊಂದು ವಾಕರಿಕೆಯಲ್ಲಿ ನುಂಗಿಹೋಯಿತು.

“ಸರಿ,” ಅಂದಳು ಅಕ್ಕ. ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು, ಡಬ್ಬಿಯಿಂದ ಒಂದು ದಾರ ಎಳೆದು, ಹೊಸ ಸೂಜಿಯ ಕಣ್ಣಿಗೆ ಪೋಣಿಸಲು ನೋಡಿದಳು. ದಾರ ಜಾರಿತು. ತುದಿಯನ್ನು ನಾಲಿಗೆಗೆ ಹಚ್ಚಿ ಮತ್ತೆ ನೋಡಿದಳು. ಅವಳ ಬೆನ್ನು ಈ ಕಡೆಗಿತ್ತು. ಮಿಷನ್ನು ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಆ ಸುದ್ದಿಯನ್ನು ಅಕ್ಕನಿಗೆ ಮೊದಲು ಹೇಳಿದವನು ಲಾರಿಯ ಡ್ರೈವರು. ತಂಗಿ ಕೊಟ್ಟಿದ್ದ ಮಾತು ಉಳಿಯಲಿಲ್ಲ.